ಉಳಿದ 99 ಕುರಿಗಳನ್ನು ಯಾರು ನೋಡಿಕೊಂಡರು?

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ಭಾನುವಾರ ಬೆಳಿಗ್ಗೆ ಅವನನ್ನು ಚರ್ಚಿಗೆ ಹೊರಡಿಸೋದೇ ಒಂದು ಜಗಳ. ರಾತ್ರಿ ಬೈಬಲ್ ಕಥೆ ಹೇಳಿದರೆ ಅಡ್ಡ ಪ್ರಶ್ನೆ ಕೇಳುತ್ತಾನೆ. ಮೊನ್ನೆ ಯೇಸು ಹೇಳಿದ ಕಳೆದುಹೋದ ಕುರಿಯ ಕಥೆ ಹೇಳಿದೆ. ನೂರು ಕುರಿಗಳಲ್ಲಿ ಒಂದು ಕಳೆದುಹೋದಾಗ, ಉಳಿದವನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೋದವನ ಕಥೆ. ‘ಒಂದನ್ನು ಹುಡುಕೋಕೆ ಹೋದ ಸರಿ, ಉಳಿದ 99ನ್ನು ತೋಳ ತಿಂದರೆ?’ ಅಂದ. ನನಗೆ ಮಾತೇ ಹೊರಡಲಿಲ್ಲ. ಇವನಲ್ಲಿ ನಂಬಿಕೆ ಬೆಳೆಸೋದು ಹೇಗೆ?
– ಒಬ್ಬ ತಾಯಿ, ಮಾಲೂರು

ಉತ್ತರ: ತಂಗಿ, ನಿಮ್ಮ ಮಗ ಕಥೆಯನ್ನು ಮನಸ್ಸಿಟ್ಟು ಕೇಳಿದ್ದಾನೆ. ಇಲ್ಲದಿದ್ದರೆ ಉಳಿದ ಕುರಿಗಳ ಚಿಂತೆ ಅವನಿಗೆ ಯಾಕೆ ಬರಬೇಕು?

ಕೋಲಾರದಲ್ಲಿ ನಾನು 22 ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಶುರುವಿನಲ್ಲಿ ಒಬ್ಬ ಹುಡುಗ ಇದೇ ಪ್ರಶ್ನೆ ಕೇಳಿದ್ದ. ‘ಸುಮ್ನೆ ಕೂತ್ಕೊಂಡು ಕಥೆ ಕೇಳು’ ಅಂದುಬಿಟ್ಟೆ. ಆ ವರ್ಷವಿಡೀ ಅವನು ಮತ್ತೆ ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಈಗ ಯಾರಾದರೂ ಕೇಳಿದರೆ ಬೈಬಲಿನಲ್ಲಿ ಈ ಕಥೆಯಿರುವ ಲೂಕನ ಸುವಾರ್ತೆಯ 15ನೇ ಅಧ್ಯಾಯ ತೆಗೆದು ಅವರ ಕೈಲೇ ಓದಿಸುತ್ತೇನೆ. ಉಳಿದ ಕುರಿಗಳನ್ನು ಅಡವಿಯಲ್ಲಿ ಬಿಟ್ಟು ಹೋದ ಅಂತಿದೆ. ಯಾರು ಕಾದರು ಅಂತ ಯೇಸು ಹೇಳಿಲ್ಲ. ‘ನಿನಗೇನು ಅನ್ನಿಸುತ್ತೆ ಕಂದ?’ ಅಂತ ಅವನನ್ನೇ ಕೇಳಿ. ನಮ್ಮ ಕಡೆ ಕುರಿ ಕಾಯುವವರು ರಸ್ತೆ ಬದಿಯಲ್ಲೇ ಸಿಗುತ್ತಾರೆ ಅಲ್ವಾ? ಒಮ್ಮೆ ಮಕ್ಕಳನ್ನು ಅಂಥ ಒಬ್ಬರು ತಾತನ ಹತ್ತಿರ ಕರೆದುಕೊಂಡು ಹೋಗಿದ್ದೆ. ‘ಜೊತೆಗೆ ಇನ್ನೊಬ್ಬ ಇರ್ತಾನಲ್ಲ ಮಗಾ, ಒಬ್ಬನೇ ಮಂದೆ ಕಾಯೋಕಾಗುತ್ತಾ?’ ಅಂದರು. ಮಕ್ಕಳಿಗೆ ಅಷ್ಟು ಸಾಕಾಯ್ತು. ಸಭೆ, ಅಂದರೆ ಚರ್ಚಿನಲ್ಲಿ ಒಟ್ಟಿಗೆ ಸೇರುವ ಜನ, ಯಾಕೆ ಬೇಕು ಅನ್ನೋದು ನನಗೆ ಅವತ್ತು ಸರಿಯಾಗಿ ಹೊಳೆಯಿತು. ಕಥೆಯಲ್ಲೂ ನೋಡಿ, ಕುರಿ ಸಿಕ್ಕ ಮೇಲೆ ಅವನು ಸ್ನೇಹಿತರನ್ನೂ ನೆರೆಯವರನ್ನೂ ಕರೆಯುತ್ತಾನೆ.

ಇನ್ನು ಚರ್ಚಿನ ಮಾತು. ಎಂಟು ವರ್ಷದ ಹುಡುಗ ಆರಾಧನೆ ಮುಗಿಯೋವರೆಗೂ ಅಲುಗಾಡದೆ ಕೂರೋದು ಕಷ್ಟವೇ. ಚರ್ಚಿನ ಅಯ್ಯನವರಿಗೆ, ಅಂದರೆ ಪಾದ್ರಿಗೆ, ಹೇಳಿ ಅವನಿಗೊಂದು ಕೆಲಸ ಕೊಡಿಸಿ. ಹಾಡಿನ ಪುಸ್ತಕ ಹಂಚೋದು, ಚಾಪೆ ಹಾಸೋದು, ಗಂಟೆ ಹೊಡೆಯೋದು, ಏನಾದರೂ ಸರಿ. ನಮ್ಮಲ್ಲಿ ಒಬ್ಬಳು ಹುಡುಗಿ ಕಣ್ಣು ಮಂಜಾದ ಅಜ್ಜಿಯ ಪಕ್ಕ ಕೂತು ಹಾಡುಗಳನ್ನು ಓದಿ ಹೇಳುತ್ತಿದ್ದಳು. ಜ್ವರ ಬಂದು ಎರಡು ವಾರ ಅವಳು ಬರಲಿಲ್ಲ. ಅಜ್ಜಿ ಕೋಲೂರಿಕೊಂಡು ಅವಳ ಮನೆಗೇ ಹೋದರು, ಸೆರಗಿನಲ್ಲಿ ಎರಡು ಸೀಬೆಹಣ್ಣು ಕಟ್ಟಿಕೊಂಡು. ಕಳೆದುಹೋದ ಕುರಿಯ ಕಥೆಯನ್ನು ಆ ಮಗುವಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಚರ್ಚಿನ ಸುಗ್ಗಿ ಹಬ್ಬಕ್ಕೆ ಕಾಣಿಕೆಯಾಗಿ ಹಿತ್ತಲಿನ ಟೊಮೆಟೊ ಬುಟ್ಟಿಯನ್ನು ಅವನ ಕೈಲೇ ಹೊರಿಸಿ. ಹರಾಜಿನಲ್ಲಿ ದೊಡ್ಡವರು ಅದನ್ನು ಕೂಗುವಾಗ ಅವನ ಮುಖ ನೋಡಿ.

ರಾತ್ರಿಯ ಕಥೆ ಬಿಡಬೇಡಿ, ಹತ್ತು ನಿಮಿಷ ಸಾಕು. ಮುಗಿದ ಮೇಲೆ ‘ಇದರಿಂದ ಏನು ಕಲಿತೆ?’ ಅಂತ ಮಾತ್ರ ಕೇಳಬೇಡಿ, ಅದು ಪರೀಕ್ಷೆ ಆಗಿಬಿಡುತ್ತದೆ. ಈ ವಾರ ಬಾಲಕ ಸಮುವೇಲನ ಕಥೆ ಹೇಳಿ. ದೇವರು ಕರೆದಾಗ ಅವನು ಮೂರು ಸಲವೂ ತನ್ನ ಗುರು, ಮುದಿ ಯಾಜಕ ಏಲಿಯ ಹತ್ತಿರ ಓಡಿದ. ಮಲಗಿದ್ದ ಮುದುಕರು ಮೂರು ಸಲ ಎದ್ದರೂ ಗದರಿಸಲಿಲ್ಲ. ಕರೆಯುತ್ತಿರುವವರು ಯಾರು ಅಂತ ಮೂರನೇ ಸಲಕ್ಕೆ ಅವರಿಗೇ ಹೊಳೆಯಿತು. ಈ ಕಥೆಗೆ ನಿಮ್ಮ ಮಗ ಏನು ಕೇಳಿದ ಅಂತ ನನಗೂ ಬರೆಯಿರಿ.