ಗಾಂಜಾಕ್ಕೂ ವೋಟು ಹಾಕಿದ ದೇಶದಲ್ಲಿ

ನಿಮ್ಮ ಪ್ರಶ್ನೆ ಓದಿದೆ. ನೀವು ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದು ಇನ್ನೂ ಎರಡು ತಿಂಗಳು. ಸಂಜೆ ಹೊತ್ತು ಪಕ್ಕದ ಮನೆಯ ಹಿತ್ತಲಿನಿಂದ ಗಾಂಜಾ ವಾಸನೆ ಬರುತ್ತದೆ. ಆಫೀಸಿನಲ್ಲಿ ಯಾರೋ "ಸ್ವಲ್ಪದರಲ್ಲಿ ತಪ್ಪಿಹೋಯಿತು, ಇಲ್ಲದಿದ್ದರೆ ಇಷ್ಟೊತ್ತಿಗೆ ಅಂಗಡಿಯಲ್ಲೇ ಸಿಗುತ್ತಿತ್ತು" ಎಂದಿದ್ದಾರೆ. ಇಂಥದ್ದನ್ನೂ ಜನರ ವೋಟಿಗೆ ಹಾಕುತ್ತಾರಾ, ಟಿವಿ-ಪೇಪರಿನವರು ಹೇಗೆ ನಡೆದುಕೊಂಡರು, ನಮ್ಮಂಥವರಿಗೂ ವೋಟು ಇತ್ತಾ, ಹದಿಮೂರರ ಮಗನಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಅಕ್ಕ ಎಂದು ಕರೆದಿದ್ದೀರಿ, ಅಕ್ಕನ ಹಾಗೇ ಹೇಳುತ್ತೇನೆ.

ಮೊದಲು ಒಂದು ಮಾತು. ನ್ಯೂಜಿಲೆಂಡಿನಲ್ಲಿ ಗಾಂಜಾ ಇವತ್ತಿಗೂ ಅಪರಾಧವೇ. 1975ರ ಮಾದಕವಸ್ತು ಕಾನೂನು ಇನ್ನೂ ಜಾರಿಯಲ್ಲಿದೆ. ಡಾಕ್ಟರು ಔಷಧಿಯಾಗಿ ಬರೆದುಕೊಟ್ಟರೆ ಮಾತ್ರ ಬೇರೆ. ಸುತ್ತಮುತ್ತ ಸೇದುವವರು ಆರಾಮಾಗಿ ಓಡಾಡುತ್ತಾರೆ, ಪೊಲೀಸರೂ ಎಲ್ಲ ಸಲ ಕೇಸು ಹಾಕುವುದಿಲ್ಲ. ಅದನ್ನು ನೋಡಿ ಮೋಸ ಹೋಗಬೇಡಿ. ವರ್ಕ್ ವೀಸಾದಲ್ಲಿ ಇರುವವರ ಮೇಲೆ ಒಂದು ಕೇಸು ಬಿದ್ದರೆ ಮುಂದಿನ ರೆಸಿಡೆನ್ಸಿ ಅರ್ಜಿಗೇ ಕುತ್ತು.

ಇನ್ನು ವೋಟಿನ ಕಥೆ. 2017ರಲ್ಲಿ ಲೇಬರ್ ಪಕ್ಷಕ್ಕೆ ಸರ್ಕಾರ ಮಾಡಲು ಗ್ರೀನ್ ಪಕ್ಷದ ಬೆಂಬಲ ಬೇಕಿತ್ತು. ಗ್ರೀನ್‌ನವರು ಕೇಳಿದ್ದರಲ್ಲಿ ಒಂದು ಗಾಂಜಾ ಕುರಿತ ಈ ಜನಮತಗಣನೆ. 2020ರ ಅಕ್ಟೋಬರ್ 17ಕ್ಕೆ ಸಾರ್ವತ್ರಿಕ ಚುನಾವಣೆ ಆಯಿತಲ್ಲ, ಅದರ ಜೊತೆಗೇ ಇದನ್ನೂ ಇಟ್ಟರು. ಅವತ್ತು ನವರಾತ್ರಿಯ ಮೊದಲ ದಿನ. ಬೆಳಿಗ್ಗೆ ಗೊಂಬೆ ಕೂರಿಸಿ, ಮಧ್ಯಾಹ್ನ ಮತಗಟ್ಟೆಗೆ ಹೋಗಿದ್ದೆ. ಕೈಗೆ ಎರಡು ಹಾಳೆ ಕೊಟ್ಟರು. ಒಂದು ಚುನಾವಣೆಗೆ. ಇನ್ನೊಂದರಲ್ಲಿ ಎರಡು ಪ್ರಶ್ನೆ: ಗುಣವಾಗದ ಕಾಯಿಲೆಯ ಕೊನೆ ಹಂತದಲ್ಲಿ ಇರುವವರು ಡಾಕ್ಟರ ನೆರವಿನಿಂದ ಸಾವು ಕೇಳಬಹುದೇ ಎಂಬುದು ಒಂದು, ಗಾಂಜಾ ಮಸೂದೆಗೆ ನಿಮ್ಮ ಬೆಂಬಲ ಇದೆಯೇ ಎಂಬುದು ಇನ್ನೊಂದು.

ಆ "ಮಸೂದೆ" ಇತ್ತಲ್ಲ, ನನಗೆ ಬಹಳ ಮುಖ್ಯ ಅನಿಸಿದ್ದು ಅದೇ. "ಗಾಂಜಾ ಬೇಕಾ ಬೇಡವಾ" ಎಂದು ಸುಮ್ನೆ ಕೇಳಿರಲಿಲ್ಲ. ಕಾನೂನಿನ ಕರಡನ್ನೇ ಬರೆದು ಮುಂಚೆಯೇ ಜನರ ಮುಂದೆ ಇಟ್ಟಿದ್ದರು. ನಾನು, ನಮ್ಮ ಯಜಮಾನರು ಊಟದ ಮೇಜಿನ ಮೇಲೆ ಪ್ರಿಂಟ್ ಹರಡಿಕೊಂಡು ಓದಿದೆವು. 20 ವರ್ಷ ತುಂಬಿದವರಿಗೆ ಮಾತ್ರ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಮಾತ್ರ ಮಾರಾಟ, ಜಾಹೀರಾತು ಹಾಕುವ ಹಾಗಿಲ್ಲ. ಒಬ್ಬರಿಗೆ ದಿನಕ್ಕೆ 14 ಗ್ರಾಂ ಮಿತಿ. ಮನೆಯಲ್ಲಿ ಒಬ್ಬರಿಗೆ 2 ಗಿಡ, ಇಡೀ ಮನೆಗೆ 4 ದಾಟಬಾರದು. ರಸ್ತೆಯಲ್ಲಿ, ಪಾರ್ಕಿನಲ್ಲಿ ಸೇದುವ ಹಾಗಿಲ್ಲ. ನಶೆಯ ಅಂಶ ಎಷ್ಟಿರಬಹುದು ಎಂಬುದಕ್ಕೂ ಮಿತಿ. "ದಿನಕ್ಕೆ 14 ಗ್ರಾಂ ಅಂದ್ರೆ ಯಾರು ಸೇದ್ತಾರೆ? ಮಾರೋಕೇ ತಗೊಳ್ಳೋದು" ಎಂದು ಇವರು ಅಲ್ಲೇ ಪೆನ್ನಿನಲ್ಲಿ ಗೆರೆ ಎಳೆದರು. ನಾನು 20 ವರ್ಷದ ಮಿತಿಗೂ ಜಾಹೀರಾತು ನಿಷೇಧಕ್ಕೂ ಗೆರೆ ಎಳೆದೆ. ಮನೆಯ ಎರಡು ವೋಟು ಎರಡು ದಿಕ್ಕಿಗೆ ಹೋದವು. ನಾನು ಹಾಕಿದ್ದು "ಹೌದು", ಅವರು "ಬೇಡ".

ಮಾಧ್ಯಮದ ವಿಷಯಕ್ಕೆ ಬರುತ್ತೇನೆ. ರಸ್ತೆ ಬದಿಯ ಫಲಕಗಳಲ್ಲಿ ಎರಡೂ ಕಡೆಯ ಘೋಷಣೆ. ಸಂಪ್ರದಾಯಸ್ಥ ಸಂಘಟನೆಗಳು ಸೇರಿ ವಿರೋಧಕ್ಕೆ ನಿಂತಿದ್ದವು. ಮಾಜಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಪರವಾಗಿ ಮಾತಾಡಿದರು. ಆಗ ಪ್ರಧಾನಿಯಾಗಿದ್ದ ಜಸಿಂಡಾ ಆರ್ಡರ್ನ್ ಮಾತ್ರ ತಮ್ಮ ವೋಟು ಯಾವುದಕ್ಕೆ ಎಂದು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಜನರೇ ತೀರ್ಮಾನ ಮಾಡಲಿ ಎಂಬುದು ಅವರ ವಾದ. ಮೊದಲ ಎಣಿಕೆ ಹೊರಬಿದ್ದ ಮೇಲೆ "ಹೌದು" ಎಂದು ಹಾಕಿದ್ದಾಗಿ ಹೇಳಿದರು. ಅಷ್ಟು ಜನಪ್ರಿಯ ನಾಯಕಿ ಮುಂಚೆಯೇ ಹೇಳಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ನಾಯಕರ ಮನಸ್ಸು ತಿಳಿದುಕೊಂಡು ವೋಟು ಹಾಕುವುದೂ ಜನರ ಹಕ್ಕೇ ಅಲ್ವಾ?

ಸಮೀಕ್ಷೆಗಳು ಜನರನ್ನು ಗೊಂದಲಕ್ಕೆ ಹಾಕಿದವು. ಟಿವಿ ಚಾನೆಲ್ಲಿಗಾಗಿ ಮಾಡಿದ ಸಮೀಕ್ಷೆಯಲ್ಲಿ "ಬೇಡ" ಮುಂದಿತ್ತು. ಇನ್ನೊಂದು ಸಂಸ್ಥೆಯ ಸಮೀಕ್ಷೆಗಳು "ಹೌದು" ಬಲವಾಗಿದೆ ಎನ್ನುತ್ತಿದ್ದವು. ಅವುಗಳಿಗೆ ದುಡ್ಡು ಕೊಟ್ಟದ್ದು ಔಷಧಿ ಗಾಂಜಾದ ಒಂದು ಕಂಪನಿ. ಸುದ್ದಿಯ ಕೊನೆಯ ಸಾಲಿನಲ್ಲಿ ಅದನ್ನೂ ಬರೆಯುತ್ತಿದ್ದರು ಅನ್ನಿ. ಕೊನೆಯ ಸಾಲಿನವರೆಗೆ ಎಷ್ಟು ಜನ ಓದುತ್ತಾರೆ?

ಒಳ್ಳೆಯ ಚರ್ಚೆಯೂ ನಡೆಯಿತು. ಡನೀಡನ್ ಮತ್ತು ಕ್ರೈಸ್ಟ್‌ಚರ್ಚ್ ಎಂಬ ಎರಡು ಊರುಗಳಲ್ಲಿ 1970ರ ದಶಕದಲ್ಲಿ ಹುಟ್ಟಿದ ತಲಾ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವಿಜ್ಞಾನಿಗಳು ಇಂದಿಗೂ ಹಿಂಬಾಲಿಸುತ್ತಿದ್ದಾರೆ. ಹರೆಯದಲ್ಲೇ ಶುರುಮಾಡಿ ಬಹಳ ಸೇದುವವರ ಬುದ್ಧಿಶಕ್ತಿಗೆ ಪೆಟ್ಟು ಎಂದು ಒಂದು ಕಡೆಯವರು ಅದರಿಂದಲೇ ತೋರಿಸಿದರು. ಕಾನೂನು ಇದ್ದರೂ ಬಹುಪಾಲು ಜನ ಒಮ್ಮೆಯಾದರೂ ಸೇದಿದ್ದಾರೆ, ಆದರೆ ಶಿಕ್ಷೆ ಬೀಳುವುದು ಈ ದೇಶದ ಮೂಲನಿವಾಸಿಗಳಾದ ಮಾವೊರಿ ಹುಡುಗರಿಗೇ ಜಾಸ್ತಿ ಎಂದು ಇನ್ನೊಂದು ಕಡೆಯವರು ಅದರಿಂದಲೇ ತೋರಿಸಿದರು. ಆಗ ಪ್ರಧಾನಿಯ ವಿಜ್ಞಾನ ಸಲಹೆಗಾರ್ತಿಯಾಗಿದ್ದ ಜೂಲಿಯೆಟ್ ಜೆರಾರ್ಡ್ ತಂಡ ಮಾಡಿಕೊಂಡು ಎರಡನ್ನೂ ಸರಳವಾಗಿ ಬರೆಸಿದರು. ನನ್ನ ವೋಟು ತೀರ್ಮಾನವಾಗಿದ್ದು ಆ ಮಾವೊರಿ ಮಾತಿನಿಂದ. ಒಂದೇ ತಪ್ಪು, ಒಬ್ಬನಿಗೆ ಬುದ್ಧಿಮಾತು, ಇನ್ನೊಬ್ಬನಿಗೆ ಕೋರ್ಟು. ಅದು ನನಗೆ ಒಪ್ಪಿಗೆ ಆಗಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಸಿಸಿಬಿ ಪೊಲೀಸರು ಡ್ರಗ್ಸ್ ಕೇಸಿನಲ್ಲಿ ಸಿನಿಮಾದವರನ್ನು ಬಂಧಿಸಿದ್ದು ನಿಮಗೂ ನೆನಪಿರಬೇಕು. ನಮ್ಮ ಕನ್ನಡ ಚಾನೆಲ್ಲುಗಳಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಅದೇ. ಯಾರು ಯಾವ ಪಾರ್ಟಿಗೆ ಹೋದರು, ಯಾರ ಜೊತೆ ಹೋದರು. ಅಮ್ಮ ಫೋನಿನಲ್ಲಿ "ಅಲ್ಲೂ ಅದನ್ನೇ ಮಾರೋಕೆ ಬಿಡ್ತಾರಂತಲ್ಲೇ" ಎಂದು ಗಾಬರಿಯಾಗಿದ್ದರು. ಯಾದಗಿರಿ ಜಿಲ್ಲೆಯ ತಿಂಥಿಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಿಗುವ ನಾಡು ನಮ್ಮದು. 1985ರಲ್ಲಿ ಕಾನೂನು ಬಂತು, ಅಪರಾಧವಾಯಿತು. ಆ ಕಾನೂನು ಏನು ಹೇಳುತ್ತದೆ, ಯಾರಿಗೆ ತಟ್ಟುತ್ತದೆ ಎಂದು ಅಷ್ಟು ದಿನ ಕೂಗಾಡಿದವರು ಒಂದು ಗಂಟೆ ಕೂತು ಮಾತಾಡಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು.

ಇಲ್ಲಿನ ನಮ್ಮವರೂ ಕಮ್ಮಿಯಿಲ್ಲ. ಪಿಸುಮಾತಿನಲ್ಲಿ ಎಲ್ಲರಿಗೂ ಅಭಿಪ್ರಾಯ ಇತ್ತು. ಎದುರಿಗೆ ಕೇಳಿದರೆ "ಅವರ ದೇಶ, ಅವರ ಕಾನೂನು, ನಮಗ್ಯಾಕೆ" ಎಂದು ಜಾರಿಕೊಂಡವರೇ ಹೆಚ್ಚು. ಅವರ ಮಕ್ಕಳು ಓದುವುದು ಇದೇ ಶಾಲೆಗಳಲ್ಲಿ. ಫಲಿತಾಂಶ ಎಷ್ಟು ಹತ್ತಿರದ್ದಾಗಿತ್ತು ನೋಡಿ: ಮೊದಲ ಎಣಿಕೆಯಲ್ಲಿ "ಬೇಡ" ಶೇ. 53.1. ಸುಮಾರು 4.8 ಲಕ್ಷ ವಿಶೇಷ ಮತ (ತಮ್ಮ ಕ್ಷೇತ್ರದ ಹೊರಗಿನಿಂದ, ವಿದೇಶದಿಂದ ಹಾಕಿದಂಥವು) ಎಣಿಸಿದ ಮೇಲೆ ಶೇ. 50.7ಕ್ಕೆ ಇಳಿಯಿತು. "ಹೌದು" ಶೇ. 48.4. ಅಂತರ 67 ಸಾವಿರ ಚಿಲ್ಲರೆ. ದಯಾಮರಣದ ಪ್ರಶ್ನೆ ಶೇ. 65ರಷ್ಟು ಮತದಿಂದ ಗೆದ್ದಿತು, ಆ ಕಾನೂನು ಜಾರಿಗೆ ಬಂತು. ಗಾಂಜಾ ಮಸೂದೆಯನ್ನು ಸರ್ಕಾರ ಅಲ್ಲಿಗೇ ಕೈಬಿಟ್ಟಿತು.

ನಿಮಗೆ ವೋಟು ಇದೆಯಾ? ಈಗಿಲ್ಲ. ಆದರೆ ಇಲ್ಲಿ ಪೌರತ್ವ ಬರುವ ತನಕ ಕಾಯಬೇಕಾಗಿಲ್ಲ. ರೆಸಿಡೆಂಟ್ ವೀಸಾ ಕೈಗೆ ಬಂದು, ಈ ದೇಶದಲ್ಲಿ ಒಂದು ವರ್ಷ ಎಡೆಬಿಡದೆ ಇದ್ದಿದ್ದರೆ ಸಾಕು. ಹೆಸರು ಸೇರಿಸುವುದು ಆಗ ಕಡ್ಡಾಯವೇ. ಹೆಸರು ಬಂದ ಮೇಲೆ ಮನೆಗೆ ಬರುವ ಸರ್ಕಾರದ ಕಿರುಪುಸ್ತಕವನ್ನು ಹರಿದು ಹಾಕಬೇಡಿ, ಓದಿ.

ಮಗನಿಗೆ ಮಾತ್ರ ಈಗಲೇ ಹೇಳಿ. ಹೆದರಿಸಬೇಡಿ. ಹರೆಯದ ಮಿದುಳಿಗೆ ಏನಾಗುತ್ತದೆ ಎಂದು ಡನೀಡನ್ ಅಧ್ಯಯನದ ಮಾತನ್ನೇ ಹೇಳಿ. ಯಾರಾದರೂ ಕೊಟ್ಟರೆ ಬೇಡ ಎನ್ನಲು ಅವನಿಗೆ ಒಂದು ಕಾರಣ ಸಿಕ್ಕಿದ ಹಾಗಾಗುತ್ತದೆ. ಪಕ್ಕದ ಮನೆಯವರ ಹತ್ತಿರ ಒಂದು ಸಲ ಸಮಾಧಾನವಾಗಿ "ಹೊಗೆ ನಮ್ಮ ಕಿಟಕಿಗೆ ಬರುತ್ತದೆ, ಮನೆಯಲ್ಲಿ ಹುಡುಗ ಇದ್ದಾನೆ" ಎಂದು ಹೇಳಿ ನೋಡಿ. ಇಲ್ಲಿನ ಜನ ಅಷ್ಟಕ್ಕೆ ಕೇಳುತ್ತಾರೆ. ಕೇಳದಿದ್ದರೆ ಪೊಲೀಸರ ತುರ್ತಲ್ಲದ ನಂಬರ್ 105 ಇದೆ.