ಹಾರ್ಮೋನಿಯಂ ಬಿಡಲು ಒಪ್ಪದವರು ಸಹಿ ಹಾಕಲು ಒಪ್ಪಿದ್ದರು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರಿಗೆ ಐವತ್ತು ದಾಟಿದೆ. ಗುಳೇದಗುಡ್ಡದ ನೇಕಾರ ಮನೆತನ, ಈಗ ವಿಜಯಪುರದಲ್ಲಿ ವಾಸ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1851ರಲ್ಲಿ ಗುಳೇದಗುಡ್ಡಕ್ಕೂ 1885ರಲ್ಲಿ ವಿಜಯಪುರಕ್ಕೂ ಬಂದು ನೆಲೆ ನಿಂತಿತು. ಆ ಕಾಲದಿಂದ ಬಂದ ಕುಟುಂಬಗಳಲ್ಲಿ ಸಭಾಪಾಲಕರ, ಅಂದರೆ ಚರ್ಚಿನ ಪಾಸ್ಟರ್ ಮಾತಿಗೆ ಎದುರಾಡುವ ರೂಢಿಯೇ ಇಲ್ಲ. ಪಾಸ್ಟರ್ ಬಂದು ಮನೆಯ ಹೊಸ್ತಿಲು ತುಳಿದರೆ ಅಜ್ಜ ಮಗ್ಗದ ಕುಣಿಯಿಂದ ಎದ್ದು ಬಂದು ನಿಲ್ಲುತ್ತಿದ್ದರೆಂದು ಇವರು ಹೆಮ್ಮೆಯಿಂದ ಹೇಳಿದರು.

ಸಲಹೆ ಕೇಳಲು ನನ್ನಲ್ಲಿಗೆ ಅವರನ್ನು ಕರೆತಂದವರು ಹೆಂಡತಿ. ಯಜಮಾನರು ಆರಾಧನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ, ರಾತ್ರಿ ನಿದ್ದೆಯಿಲ್ಲ, ಮನೆಯಲ್ಲಿ ಮಾತಿಲ್ಲ ಎಂಬುದು ಅವರ ದುಃಖ.

ಕಾರಣ ಹೊಸ ಪಾಸ್ಟರ್. ವರ್ಷಗಳಿಂದ ಹಾರ್ಮೋನಿಯಂ ನುಡಿಸುತ್ತ ಚರ್ಚಿನ ಗಾಯನವೃಂದವನ್ನು ನಡೆಸುತ್ತಿದ್ದ ಇವರನ್ನು ಬಿಡಿಸಿ, ಕೀಬೋರ್ಡ್ ನುಡಿಸುವ ಕಾಲೇಜು ಹುಡುಗನಿಗೆ ಆ ಜವಾಬ್ದಾರಿಯನ್ನು ಕೊಟ್ಟಿದ್ದರು. ಇದನ್ನು ಹೇಳುವಾಗ ಅವರ ಎಡಗೈ ಮೇಜಿನ ಅಂಚಿನಲ್ಲಿ ತಿದಿ ಒತ್ತುವಂತೆ ಹಿಂದೆ ಮುಂದೆ ಆಡುತ್ತಿತ್ತು. "ಒಂದು ಮಾತು ಕೇಳಲಿಲ್ಲ ಸರ್. ನನ್ನ ಕುರ್ಚಿಯಲ್ಲಿ ಆ ಹುಡುಗನನ್ನು ಕೂರಿಸಿದರು." ಸಿಟ್ಟಿನಲ್ಲಿ ನಾಲ್ಕೈದು ಮನೆಗಳವರನ್ನು ಸೇರಿಸಿ, ಪಾಸ್ಟರ್ ವರ್ಗಾವಣೆಗೆ ಅರ್ಜಿ ಬರೆಸಲು ಓಡಾಡಿದ್ದೂ ಉಂಟು.

ನಿದ್ದೆ ಯಾವಾಗಿನಿಂದ ಕೆಟ್ಟಿತು ಎಂದು ಕೇಳಿದೆ. ಹಾರ್ಮೋನಿಯಂ ಕೈಬಿಟ್ಟಾಗಿನಿಂದ ಅಲ್ಲ, ಅದಕ್ಕೂ ಮೊದಲೇ ಎಂದರು. ಆಗ ಕೈಗಳು ಮೇಜಿನ ಕೆಳಗೆ ಸರಿದವು. ಚರ್ಚಿಗೆ ಸೇರಿದ ಅಂಗಡಿ ಮಳಿಗೆಯನ್ನು ಬಾಡಿಗೆಗೆ ಕೊಡುವ ವಿಚಾರದಲ್ಲಿ, ನಡೆಯದ ಕಮಿಟಿ ಸಭೆ ನಡೆದಿದೆ ಎಂದು ಬರೆದ ನಡಾವಳಿ ಪುಸ್ತಕವನ್ನು ಕಾರ್ಯದರ್ಶಿ ಮನೆಗೆ ತಂದಿದ್ದರು. "ಪಾಸ್ಟರ್ ಹೇಳಿದ್ದಾರೆ" ಎಂದದ್ದೇ ತಡ, ಇವರು ಸಹಿ ಹಾಕಿದ್ದರು. ಹೆಂಡತಿ ಪ್ರಶ್ನಿಸಿದಾಗ "ದೇವರ ಅಭಿಷಿಕ್ತರನ್ನು ಮುಟ್ಟಬಾರದು", ಅಂದರೆ ದೇವರು ನೇಮಿಸಿದವರ ವಿರುದ್ಧ ಹೋಗಬಾರದು ಎಂದು ಬಾಯಿ ಮುಚ್ಚಿಸಿದ್ದರು.

ಪ್ರಕರಣದ ಗಂಟು ಇಲ್ಲಿಯೇ ಇತ್ತು. ಪಾಸ್ಟರ್ ಅಧಿಕಾರಕ್ಕೆ ಸೇರಿದ ವಿಷಯದಲ್ಲಿ ಇವರು ತಿರುಗಿ ಬಿದ್ದಿದ್ದರು. ಯಾವ ಪಾಸ್ಟರ್‌ಗೂ ಅಧಿಕಾರವಿಲ್ಲದ ವಿಷಯದಲ್ಲಿ ತಲೆ ಬಾಗಿಸಿದ್ದರು. ಎರಡೂ ಕಡೆ ಕಾಯ್ದುಕೊಂಡದ್ದು ತಮ್ಮನ್ನೇ: ಒಂದು ಕಡೆ ಸ್ಥಾನವನ್ನು, ಇನ್ನೊಂದು ಕಡೆ ನೆಮ್ಮದಿಯನ್ನು. ಇದನ್ನು ನಾನು ಅವರಿಗೆ ನೇರವಾಗಿಯೇ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಅಭಿಷಿಕ್ತರ ಮಾತನ್ನು ಅವರೇ ಎತ್ತಿದ್ದರಿಂದ ಬೈಬಲಿನ ಸಮುವೇಲನ ಮೊದಲನೆಯ ಪುಸ್ತಕದ 24ನೆಯ ಅಧ್ಯಾಯವನ್ನು ಜೊತೆಯಲ್ಲಿ ಓದಿದೆವು. ತನ್ನನ್ನು ಕೊಲ್ಲಲು ಬೆನ್ನಟ್ಟಿದ್ದ ಅಭಿಷಿಕ್ತ ಅರಸ ಸೌಲ ಏನ್ಗೆದಿಯ ಗುಹೆಯಲ್ಲಿ ಕೈಗೆ ಸಿಕ್ಕರೂ ದಾವೀದ ಅವನನ್ನು ಕೊಲ್ಲಲಿಲ್ಲ. ನಿಲುವಂಗಿಯ ಅಂಚು ಕೊಯ್ದದ್ದಕ್ಕೇ ಅವನ ಮನಸ್ಸು ಚುಚ್ಚಿತು. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ, ಅದು ನನಗೆ ನೋವಿನ ಸಂಗತಿ. ಮುಂದೆ ದಾವೀದ ಗುಹೆಯಿಂದ ಹೊರಬಂದು, ನೆಲದವರೆಗೆ ಬಾಗಿ ನಮಸ್ಕರಿಸಿ, ಆ ಬಟ್ಟೆಯ ತುಂಡನ್ನು ತೋರಿಸಿ, ಎಲ್ಲರೆದುರು ಸೌಲನ ತಪ್ಪನ್ನು ಎತ್ತಿ ಹೇಳುತ್ತಾನೆ. ಬಾಗಿದ್ದೂ ಹೌದು, ಹೇಳಿದ್ದೂ ಹೌದು. ಮುಂದೆ ಅದೇ ದಾವೀದ ಅರಸನಾಗಿ ಪಾಪ ಮಾಡಿದಾಗ ಪ್ರವಾದಿ ನಾತಾನ ಅರಮನೆಗೇ ಹೋಗಿ "ಆ ಮನುಷ್ಯನು ನೀನೇ" ಎಂದ. ನಾತಾನನನ್ನು ಅವಿಧೇಯ ಎಂದವರು ಯಾರೂ ಇಲ್ಲ.

ಸಭಾನಾಯಕರಿಗೆ ಅಧೀನರಾಗಿರಿ ಎನ್ನುವ ಇಬ್ರಿಯರಿಗೆ ಬರೆದ ಪತ್ರದ 13ನೆಯ ಅಧ್ಯಾಯ, ಆ ನಾಯಕರೂ ದೇವರಿಗೆ ಲೆಕ್ಕ ಒಪ್ಪಿಸಬೇಕಾದವರು ಎಂದು ಅದೇ ವಚನದಲ್ಲಿ ಹೇಳುತ್ತದೆ. ಪೇತ್ರನ ಮೊದಲ ಪತ್ರದ 5ನೆಯ ಅಧ್ಯಾಯದಲ್ಲಿ ಯೌವನಸ್ಥರಿಗೆ ಅಧೀನತೆಯನ್ನು ಬೋಧಿಸುವ ಮೊದಲು, ಹಿಂಡಿನ ಮೇಲೆ ದೊರೆತನ ಮಾಡಬೇಡಿ ಎಂದು ಹಿರಿಯರಿಗೆ ಎಚ್ಚರಿಕೆಯಿದೆ. ದೀನಭಾವ ಎರಡೂ ಕಡೆಯವರಿಗೆ ವಿಧಿಸಿದ್ದು.

ನಾನು ಕೊಟ್ಟ ಸಲಹೆ ಹೀಗಿತ್ತು. ಬರುವ ಭಾನುವಾರವೇ ಆರಾಧನೆಗೆ ಹೋಗಿ ಎಲ್ಲರ ನಡುವೆ ಕುಳಿತು ಹಾಡಿ. ಅರ್ಜಿಯ ಓಡಾಟ ನಿಲ್ಲಿಸಿ, ಸೇರಿಸಿದ ಮನೆಗಳಿಗೆ ನೀವೇ ಹೋಗಿ ಹಾಗೆಂದು ತಿಳಿಸಿ. ಹುಡುಗ ರಾಗ ಕೇಳಿದರೆ ಹೇಳಿಕೊಡಿ, ಕೇಳದಿದ್ದರೆ ತಿದ್ದಲು ಹೋಗಬೇಡಿ. ಪಾಸ್ಟರ್‌ಗಾಗಿ ದಿನವೂ ಪ್ರಾರ್ಥಿಸಿ. "ಅವರಿಗೆ ಬುದ್ಧಿ ಕೊಡು" ಎಂಬ ಪ್ರಾರ್ಥನೆ ಬೇಡ, ಅವರ ಆರೋಗ್ಯ, ಅವರ ಮಕ್ಕಳು, ಅವರ ಕೆಲಸದ ಭಾರಕ್ಕಾಗಿ ಬೇಡಿಕೊಳ್ಳಿ.

ಸಹಿಯ ವಿಚಾರ ಬೇರೆ. ಮತ್ತಾಯನ 18ನೆಯ ಅಧ್ಯಾಯದ ಕ್ರಮದಂತೆ ಮೊದಲು ಒಬ್ಬರೇ ಪಾಸ್ಟರ್ ಬಳಿಗೆ ಹೋಗಿ, ಆ ಕಮಿಟಿ ಸಭೆ ನಡೆದೇ ಇಲ್ಲ, ಸಹಿ ಹಾಕಿದ್ದು ನನ್ನ ತಪ್ಪು, ಅದನ್ನು ಹಿಂಪಡೆಯುತ್ತೇನೆ ಎಂದು ಬರೆದ ಪತ್ರವನ್ನು ಕೈಗೆ ಕೊಡಿ. ಫಲವಿಲ್ಲದಿದ್ದರೆ ಇಬ್ಬರು ಹಿರಿಯರೊಂದಿಗೆ ಹೋಗಿ. ಅದೂ ಆಗದಿದ್ದರೆ ಮೇಲಿನ ಸಭಾಡಳಿತಕ್ಕೆ ಬರೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಹರಿಬಿಡಬೇಡಿ.

ಓದುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಹಂತಗಳು ಇಂಥ ವಿಷಯಗಳಿಗೆ ಮಾತ್ರ. ಮಗುವಿನ ಮೇಲೆ, ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆದಿದ್ದರೆ ಯಾರ ಅಪ್ಪಣೆಗೂ ಕಾಯಬಾರದು. 112ಕ್ಕೆ, ಮಕ್ಕಳ ವಿಷಯವಾದರೆ 1098ಕ್ಕೂ ಕರೆ ಮಾಡಬೇಕು. ಅಲ್ಲಿ ವಿಧೇಯತೆಯ ಹೆಸರಿನಲ್ಲಿ ಸುಮ್ಮನಿರುವುದು ಪಾಪ.

ಅವರು ಪಾಸ್ಟರ್ ಬಳಿಗೆ ಹೋದರು. ಪಾಸ್ಟರ್ ಮೊದಲು ಸಿಡುಕಿದರಂತೆ, ಪತ್ರವನ್ನು ಓದದೆ ಬದಿಗಿಟ್ಟರಂತೆ. ಎರಡು ವಾರದ ನಂತರ ತಾವೇ ಫೋನ್ ಮಾಡಿ, ಮಳಿಗೆಯ ವಿಷಯವನ್ನು ಮುಂದಿನ ಕಮಿಟಿ ಸಭೆಯಲ್ಲಿ ಹೊಸದಾಗಿ ಇಡುವುದಾಗಿ ಹೇಳಿದರು. ಹಾರ್ಮೋನಿಯಂ ಸುದ್ದಿ ಎತ್ತಲಿಲ್ಲ, ಇವರೂ ಕೇಳಲಿಲ್ಲ. ಪತ್ರದ ನಕಲು ಇವರ ಬಳಿ ಇದೆ. ಆ ಸಭೆಯಲ್ಲಿ ಪತ್ರವನ್ನು ದಾಖಲಿಸದಿದ್ದರೆ ಜೊತೆಗೆ ಬರಲು ಇಬ್ಬರು ಹಿರಿಯರು ಒಪ್ಪಿದ್ದಾರೆ.