ನಾಲ್ಕನೇ ವರ್ಷದ ಫೀಸು ಯಾರು ಕಟ್ತಾರೆ?

ಪ್ರಶ್ನೆ: ಮೇಡಂ, ಮಗಳಿಗೆ ಅಮೆರಿಕದ ಒಂದು ಲಿಬರಲ್ ಆರ್ಟ್ಸ್ ಕಾಲೇಜಲ್ಲಿ (ಸಾಹಿತ್ಯ, ಸಮಾಜ, ವಿಜ್ಞಾನ ಎಲ್ಲ ಸೇರಿಸಿ ಕಲಿಸೋ ಕಾಲೇಜು) ಸೀಟು ಸಿಕ್ಕಿದೆ, ಸ್ಕಾಲರ್‌ಶಿಪ್ಪೂ ಚೆನ್ನಾಗೇ ಕೊಟ್ಟಿದಾರೆ. ಅವಳಿಗೆ ಫಿಲಾಸಫಿನೂ ಬೇಕಂತೆ ಇಂಜಿನಿಯರಿಂಗೂ ಬೇಕಂತೆ. ತ್ರೀ-ಟೂ ಅಂತ ಇದೆ, ಮೂರು ವರ್ಷ ಅಲ್ಲಿ ಓದಿ ಆಮೇಲೆ ಎರಡು ವರ್ಷ ಕೊಲಂಬಿಯಾ ಯೂನಿವರ್ಸಿಟಿಯ ಇಂಜಿನಿಯರಿಂಗ್ ಸ್ಕೂಲಿಗೆ ಹೋದ್ರೆ ಎರಡು ಡಿಗ್ರಿ ಬರುತ್ತೆ ಅಂತಾಳೆ. ನಂಬಬಹುದಾ?

ಉತ್ತರ: ನಂಬಬಹುದು, ಮೋಸ ಏನಿಲ್ಲ. ಮೊದಲ ಕಾಲೇಜಿಂದ ಬಿ.ಎ., ಇಂಜಿನಿಯರಿಂಗ್ ಸ್ಕೂಲಿಂದ ಬಿ.ಎಸ್. ಕೊಲಂಬಿಯಾದವರು ಇದನ್ನ ಕಂಬೈನ್ಡ್ ಪ್ಲಾನ್ ಅಂತಾರೆ, ಸೇಂಟ್ ಲೂಯಿಸ್‌ನಲ್ಲಿರೋ ವಾಷಿಂಗ್ಟನ್ ಯೂನಿವರ್ಸಿಟಿಯವರು ಡ್ಯುಯಲ್ ಡಿಗ್ರಿ ಅಂತಾರೆ. ಆದ್ರೆ ಎರಡು ಡಿಗ್ರಿ ಅನ್ನೋ ಮಾತಿಗೆ ಮರುಳಾಗೋ ಮುಂಚೆ ಆ ಸ್ಕಾಲರ್‌ಶಿಪ್ ಲೆಟರ್ ಇನ್ನೊಂದ್ಸಲ ತೆಗೆದು ನೋಡಿ, ದುಡ್ಡು ಕೊಡ್ತಿರೋದು ಮೊದಲನೇ ಕಾಲೇಜು, ಮಗಳು ಅಲ್ಲಿ ಓದೋವರೆಗೆ ಮಾತ್ರ, ಅವಳು ಹೊರಟ ದಿನ ಅದೂ ನಿಂತುಹೋಗುತ್ತೆ. ಎರಡನೇ ಕಡೆ ಎಲ್ಲ ಹೊಸದಾಗಿ ಕೇಳ್ಬೇಕು, ಅಲ್ಲಿ ಹೊರದೇಶದವರಿಗೆ ಸಹಾಯ ಕಮ್ಮಿ ಇರಬಹುದು, ಇಲ್ಲದೇನೂ ಇರಬಹುದು. ಅಮೆರಿಕ ಸರ್ಕಾರದ ಸಹಾಯಧನ, ಅಂದ್ರೆ ಫೆಡರಲ್ ಏಯ್ಡ್, ಎಫ್-1 ಅನ್ನೋ ವಿದ್ಯಾರ್ಥಿ ವೀಸಾದವರಿಗೆ ಸಿಗಲ್ಲ. ಕ್ಯಾಂಪಸ್ ಕೆಲಸ ಮಾಡಿ ತೂಗಿಸ್ತಾಳೆ ಅಂತೀರಾ, ಕ್ಲಾಸು ನಡೆಯೋವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಮಾಡೋ ಹಾಗಿಲ್ಲ, ಅದು ಕೈಖರ್ಚಿಗಾಯ್ತು ಅಷ್ಟೆ. ಕಾಲೇಜು ಬದಲಾಯಿಸೋವಾಗ ಹೊಸ ಐ-20 (ವೀಸಾಕ್ಕೆ ಅಂತ ಕಾಲೇಜು ಕೊಡೋ ಪತ್ರ) ಬೇಕು, ಅದಕ್ಕೆ ದುಡ್ಡಿದೆ ಅನ್ನೋ ಪುರಾವೆ ಮತ್ತೆ ಕೊಡ್ಬೇಕು. ಹಾಗಾಗಿ ಈಗ್ಲೇ ಇಂಜಿನಿಯರಿಂಗ್ ಸ್ಕೂಲಿನ ಏಯ್ಡ್ ಆಫೀಸಿಗೆ ಒಂದು ಮೇಲ್ ಹಾಕಿ, ತ್ರೀ-ಟೂನಲ್ಲಿ ಬರೋ ಇಂಟರ್‌ನ್ಯಾಷನಲ್ ವಿದ್ಯಾರ್ಥಿಗೆ ಏನು ಕೊಡ್ತೀರಿ ಅಂತ ನೇರವಾಗಿ ಕೇಳಿ. ಫೋನಲ್ಲಿ ಬೇಡ, ಉತ್ತರ ಬರವಣಿಗೆಯಲ್ಲೇ ಇರಲಿ.

ಕೋರ್ಸ್ ವಿಷಯ. ಕ್ಯಾಲ್ಕುಲಸ್ಸು, ಫಿಸಿಕ್ಸು, ಕೆಮಿಸ್ಟ್ರಿ, ಪ್ರೋಗ್ರಾಮಿಂಗು ಇದನ್ನೆಲ್ಲ ಮೊದಲನೇ ಸೆಮಿಸ್ಟರಿಂದಲೇ ಶುರು ಮಾಡ್ಬೇಕು, ಸಣ್ಣ ಕಾಲೇಜುಗಳಲ್ಲಿ ಕೆಲವು ಪಾಠ ವರ್ಷಕ್ಕೆ ಒಂದೇ ಸಲ ಇರುತ್ತೆ, ಒಂದು ತಪ್ಪಿದ್ರೆ ಲೆಕ್ಕಾಚಾರ ಪೂರ್ತಿ ಒಂದು ವರ್ಷ ಹಿಂದೆ ಬೀಳುತ್ತೆ. ಜಿಪಿಎ, ಅಂದ್ರೆ ಸರಾಸರಿ ಗ್ರೇಡು, ಬೇರೆ ಕಾಯ್ಕೋಬೇಕು.

ಇನ್ನೊಂದು ಇದೆ, ಅದನ್ನ ಬ್ರೋಷರಲ್ಲಿ ಬರೆಯಲ್ಲ. ಮೂರು ವರ್ಷ ಜೊತೆಗಿದ್ದ ಗೆಳತಿಯರೆಲ್ಲ ನಾಲ್ಕನೇ ವರ್ಷ ಥೀಸಿಸ್ ಬರೀತಾ ಫೋಟೋ ತೆಗೆಸ್ಕೋತಾ ಇರೋವಾಗ ಇವಳು ಪೆಟ್ಟಿಗೆ ಕಟ್ಕೊಂಡು ಗೊತ್ತಿಲ್ಲದ ಊರಿಗೆ ಹೋಗಿ ಥರ್ಮೋಡೈನಾಮಿಕ್ಸ್ ಕ್ಲಾಸಲ್ಲಿ ಕೂರ್ಬೇಕು. ತ್ರೀ-ಟೂ ಅಂತ ಸೇರಿ ಆಮೇಲೆ ಹೋಗ್ದೇ ಅಲ್ಲೇ ಉಳಿಯೋರು ಕಮ್ಮಿ ಏನಿಲ್ಲ, ನನಗಂತೂ ಅದು ಆಶ್ಚರ್ಯ ಅನ್ಸಲ್ಲ. ಡಾರ್ಟ್‌ಮತ್ ಕಾಲೇಜಿನವರ ಕ್ರಮ ಇದಕ್ಕೆ ಸ್ವಲ್ಪ ವಾಸಿ, ಮೂರನೇ ವರ್ಷ ಅಲ್ಲಿಗೆ ಹೋಗೋದು, ನಾಲ್ಕನೇ ವರ್ಷ ಮೊದಲ ಕಾಲೇಜಿಗೆ ವಾಪಸ್ ಬಂದು ಗೆಳತಿಯರ ಜೊತೆಗೇ ಪದವಿ ತಗೊಳ್ಳೋದು, ಐದನೇ ವರ್ಷ ಮತ್ತೆ ಹೋಗಿ ಇಂಜಿನಿಯರಿಂಗ್ ಮುಗಿಸೋದು.

ನನ್ನ ಕೇಳಿದ್ರೆ, ಇಂಜಿನಿಯರಿಂಗ್ ಬೇಕೇ ಬೇಕು ಅನ್ನೋ ಹುಡುಗಿಗೆ ಸ್ವಾರ್ಥ್‌ಮೋರ್, ಲಫಾಯೆಟ್, ಸ್ಮಿತ್ ತರದ ಕಾಲೇಜು ಒಳ್ಳೇದು. ಇವೂ ಲಿಬರಲ್ ಆರ್ಟ್ಸ್ ಕಾಲೇಜುಗಳೇ, ಆದ್ರೆ ಇಂಜಿನಿಯರಿಂಗ್ ಅಲ್ಲೇ ಇದೆ, ನಾಲ್ಕೇ ವರ್ಷ, ಬಿಟ್ಟು ಹೋಗೋ ತಾಪತ್ರಯ ಇಲ್ಲ. ಸ್ಮಿತ್ ಹೆಣ್ಣುಮಕ್ಕಳ ಕಾಲೇಜು. ಎಲ್ಲೇ ಆಗ್ಲಿ ಡಿಗ್ರಿಗೆ ಅಬೆಟ್ (ಇಂಜಿನಿಯರಿಂಗ್ ಕೋರ್ಸುಗಳ ಗುಣಮಟ್ಟ ನೋಡೋ ಸಂಸ್ಥೆ) ಮಾನ್ಯತೆ ಇದೆಯಾ ಅಂತ ನೋಡ್ಕೊಳ್ಳಿ.

ಪ್ರಶ್ನೆ: ಎರಡು ಡಿಗ್ರಿ ಅಂದ್ಮೇಲೆ ಓಪಿಟಿನೂ, ಅಂದ್ರೆ ಓದು ಮುಗಿದ್ಮೇಲೆ ಅಮೆರಿಕದಲ್ಲೇ ಸ್ವಲ್ಪ ಕಾಲ ಕೆಲಸ ಮಾಡೋ ಅನುಮತಿನೂ, ಎರಡು ಸಲ ಸಿಗುತ್ತಾ?

ಉತ್ತರ: ಇಲ್ಲಪ್ಪ. ಓಪಿಟಿ ಲೆಕ್ಕ ಡಿಗ್ರಿ ಮೇಲಲ್ಲ, ಹಂತದ ಮೇಲೆ. ಬಿ.ಎ., ಬಿ.ಎಸ್. ಎರಡೂ ಬ್ಯಾಚುಲರ್ಸೇ, ಆದ್ರಿಂದ 12 ತಿಂಗಳು ಒಂದೇ ಸಲ. ಇಂಜಿನಿಯರಿಂಗ್ ಡಿಗ್ರಿ ಇರೋದ್ರಿಂದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಅಂತ ಇನ್ನೊಂದು 24 ತಿಂಗಳು ಕೇಳಬಹುದು. ಮುಂದೆ ಮಾಸ್ಟರ್ಸ್ ಮಾಡಿದ್ರೆ ಮತ್ತೆ ಹೊಸ ಲೆಕ್ಕ.